ಫೈನಲ್ ಡ್ರಾಫ್ಟ್ 13: ಟಿವಿಗೆ ಬರೆಯುವವರು ಯಾವಾಗ ಕೊಳ್ಳಬೇಕು, ಯಾವಾಗ ಬೇಡ

ಟಿವಿಗೆ ಬರೆಯಬೇಕೆಂದು ಹೊರಟವರೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ: ಸ್ಕ್ರಿಪ್ಟ್ ಬರೆಯುವ ಸಾಫ್ಟ್‌ವೇರ್ ಆದ ಫೈನಲ್ ಡ್ರಾಫ್ಟ್ ತಗೊಳ್ಳಲೇಬೇಕಾ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಸ್ಕ್ರಿಪ್ಟ್ ಮುಗಿಸುವುದಷ್ಟೇ ಸದ್ಯದ ಗುರಿಯಾಗಿದ್ದರೆ ಬೇಡ. ಉಚಿತವಾಗಿ ಸಿಗುವ ಸಾಧನಗಳಲ್ಲೇ ಆ ಕೆಲಸ ಚೆನ್ನಾಗಿ ಆಗುತ್ತದೆ. ಬರೆದದ್ದನ್ನು ನಿರ್ದೇಶಕರು, ನಿರ್ಮಾಪಕರು, ಚಾನೆಲ್‌ನವರು ಹೇಳಿದ ಹಾಗೆ ಮತ್ತೆ ಮತ್ತೆ ತಿದ್ದಿ, ಯಾವ ಸಾಲು ಯಾವ ದಿನ ಬದಲಾಯಿತು ಎಂಬುದಕ್ಕೆ ಲೆಕ್ಕ ಕೊಡಬೇಕಾದ ಹಂತಕ್ಕೆ ಬಂದಿದ್ದರೆ ಬೇಕು. ಆ ಕೆಲಸದಲ್ಲಿ ಇದು ಬಹಳ ಪಳಗಿದ ಸಾಫ್ಟ್‌ವೇರ್.

2024ರಲ್ಲಿ ಬಂದ 13ನೇ ಆವೃತ್ತಿ ಇನ್ನೊಂದು ಆಸೆಯನ್ನೂ ಹುಟ್ಟಿಸುತ್ತದೆ. ದಿನದ ಗುರಿ, ಬರವಣಿಗೆಯ ಅಂಕಿಅಂಶ ಎಂದೆಲ್ಲ ಸೇರಿಸಿ, ಬರೆಯುವ ಹುರುಪನ್ನೂ ನಾವೇ ಕಾಯುತ್ತೇವೆ ಎನ್ನುತ್ತಿದೆ. ಹಾಗಾಗಿ ಈ ವಿಮರ್ಶೆಯಲ್ಲಿ ಸೌಲಭ್ಯಗಳ ಪಟ್ಟಿ ಕೊಡುವುದಕ್ಕಿಂತ, ಟಿವಿ ಬರಹಗಾರರ ವೃತ್ತಿಯಲ್ಲಿ ಯಾವ ಹಂತದಲ್ಲಿ ಯಾವುದು ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ ಎಂಬುದನ್ನೇ ನೋಡಿದ್ದೇವೆ.

ಬರೆಯುವಾಗ

ಸ್ಕ್ರಿಪ್ಟ್‌ಗೆ ಒಂದು ಸಿದ್ಧ ರೂಪವಿದೆ. 12 ಪಾಯಿಂಟ್ ಕೊರಿಯರ್ ಅಕ್ಷರ, ಎಡಗಡೆ ಒಂದೂವರೆ ಇಂಚು ಅಂಚು, ಹಾಳೆಯ ಎಡ ತುದಿಯಿಂದ ಸುಮಾರು ಎರಡೂವರೆ ಇಂಚಿಗೆ ಸಂಭಾಷಣೆ, ಸುಮಾರು 3.7 ಇಂಚಿಗೆ ಪಾತ್ರದ ಹೆಸರು. ಹೀಗೆ ಹಾಕಿದ ಒಂದು ಪುಟ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ ಓಡುತ್ತದೆ ಎಂಬ ಲೆಕ್ಕದ ಮೇಲೆಯೇ ಶೂಟಿಂಗ್ ಶೆಡ್ಯೂಲ್ ನಿಂತಿರುತ್ತದೆ. ಅಳತೆ ತಪ್ಪಿದರೆ ಆ ಲೆಕ್ಕವೂ ತಪ್ಪುತ್ತದೆ. ಫೈನಲ್ ಡ್ರಾಫ್ಟ್ ಇದನ್ನು ಬರಹಗಾರರ ತಲೆಯಿಂದ ಪೂರ್ತಿ ಇಳಿಸುತ್ತದೆ. ದೃಶ್ಯದ ಶೀರ್ಷಿಕೆ ಬರೆದು ಎಂಟರ್ ಒತ್ತಿದರೆ ಕ್ರಿಯೆಯ ಸಾಲು, ಅಲ್ಲಿ ಟ್ಯಾಬ್ ಒತ್ತಿದರೆ ಪಾತ್ರದ ಹೆಸರು, ಹೆಸರಿನ ನಂತರ ಎಂಟರ್ ಒತ್ತಿದರೆ ಸಂಭಾಷಣೆ, ಸಂಭಾಷಣೆ ಮುಗಿಸಿ ಎಂಟರ್ ಒತ್ತಿದರೆ ಮತ್ತೆ ಕ್ರಿಯೆ. ನೇರವಾಗಿ ಹೋಗಬೇಕೆಂದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಮ್ಯಾಕ್‌ನಲ್ಲಿ ಕಮಾಂಡ್ ಜೊತೆ ಅಂಕಿ: 1 ದೃಶ್ಯದ ಶೀರ್ಷಿಕೆ, 2 ಕ್ರಿಯೆ, 3 ಪಾತ್ರ, 4 ಆವರಣದ ಸೂಚನೆ, 5 ಸಂಭಾಷಣೆ. ಈ ಐದು ಬೆರಳಿಗೆ ಕೂತರೆ ಮೌಸ್ ಮುಟ್ಟದೆ ಇಡೀ ಎಪಿಸೋಡ್ ಬರೆಯಬಹುದು.

ಒಂದು ಸಲ ಬರೆದ ಹೆಸರು, ಜಾಗ, ಹೊತ್ತು ಎಲ್ಲವನ್ನೂ ಸ್ಮಾರ್ಟ್‌ಟೈಪ್ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ತುಂಬುತ್ತದೆ. ಅನುಕೂಲವೂ ಇದೇ, ತೊಂದರೆಯ ಮೂಲವೂ ಇದೇ. ತಪ್ಪಾಗಿ ಬರೆದ ಹೆಸರೂ ಪಟ್ಟಿ ಸೇರಿ, ಎಂಟರ್ ಒತ್ತುವ ರಭಸದಲ್ಲಿ ಅದೇ ತಪ್ಪು ಇಪ್ಪತ್ತು ಕಡೆ ಕೂತುಬಿಡುತ್ತದೆ. ಆಮೇಲೆ ಪಾತ್ರಗಳ ವರದಿ ತೆಗೆದರೆ ಒಬ್ಬರ ಬದಲು ಇಬ್ಬರು ಕಾಣುತ್ತಾರೆ, ಯಾವ ಕಲಾವಿದರಿಗೆ ಎಷ್ಟು ದೃಶ್ಯ ಎಂದು ಲೆಕ್ಕ ಹಾಕುವವರಿಗೆ ತಲೆನೋವು. ಪ್ರತಿ ಡ್ರಾಫ್ಟ್ ಕಳಿಸುವ ಮುಂಚೆ ಪಾತ್ರಗಳ ವರದಿ ಮತ್ತು ಸ್ಥಳಗಳ ವರದಿ ತೆಗೆದು ನೋಡಿ. ತಪ್ಪು ಕಂಡರೆ ಹುಡುಕಿ ಬದಲಿಸಿ, ನಂತರ ಸ್ಮಾರ್ಟ್‌ಟೈಪ್ ಪಟ್ಟಿಯನ್ನು ಸ್ಕ್ರಿಪ್ಟ್‌ನಿಂದಲೇ ಹೊಸದಾಗಿ ಕಟ್ಟಿಸಿ. ಸ್ಕ್ರಿಪ್ಟ್ ಮಾತ್ರ ತಿದ್ದಿ ಪಟ್ಟಿ ಹಾಗೇ ಬಿಟ್ಟರೆ ಹಳೆಯ ತಪ್ಪು ಮತ್ತೆ ತಲೆ ಹಾಕುತ್ತದೆ.

ಟಿವಿಗೆಂದೇ ಟೆಂಪ್ಲೇಟ್‌ಗಳಿವೆ. ಇವುಗಳಲ್ಲಿ ತಪ್ಪಾದದ್ದನ್ನು ಆರಿಸಿಕೊಂಡರೆ ಇಡೀ ಉದ್ದದ ಅಂದಾಜು ಕೆಡುತ್ತದೆ. ಒಂದು ಗಂಟೆಯ ಡ್ರಾಮಾ ಸಾಮಾನ್ಯವಾಗಿ 50ರಿಂದ 60 ಪುಟ. ಒಂದೇ ಕ್ಯಾಮೆರಾ ಶೈಲಿಯ ಅರ್ಧ ಗಂಟೆಯ ಹಾಸ್ಯ ಸುಮಾರು 30 ಪುಟ. ಪ್ರೇಕ್ಷಕರೆದುರು ಹಲವು ಕ್ಯಾಮೆರಾ ಇಟ್ಟು ತೆಗೆಯುವ ಸಿಟ್‌ಕಾಮ್‌ನಲ್ಲಿ ಸಂಭಾಷಣೆಯನ್ನು ಎರಡು ಸಾಲಿನ ಅಂತರದಲ್ಲಿ ಹಾಕುವುದರಿಂದ ಪುಟಕ್ಕೆ ಅರ್ಧ ನಿಮಿಷದಷ್ಟೇ ಆಗುತ್ತದೆ, ಅದೇ ಅರ್ಧ ಗಂಟೆಗೆ 40ರಿಂದ 50 ಪುಟ ಬೀಳುತ್ತದೆ. ಹಾಳೆಯ ಅಳತೆಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಅಮೆರಿಕನ್ ಲೆಟರ್ ಹಾಳೆಗಿಂತ ಎ4 ಉದ್ದ, ಪುಟಕ್ಕೆ ಕೆಲವು ಸಾಲು ಹೆಚ್ಚು ಹಿಡಿಯುತ್ತದೆ. ಅರ್ಧ ದಾರಿಯಲ್ಲಿ ಹಾಳೆ ಬದಲಿಸಿದರೆ ಪುಟದ ಎಣಿಕೆ ಜರುಗುತ್ತದೆ.

ಸಾಲುಗಳ ಅಂತರ ಬಿಗಿ ಮಾಡುವ ಆಯ್ಕೆಯೂ ಇದೆ. 63 ಪುಟವಾದ ಸ್ಕ್ರಿಪ್ಟನ್ನು 60ಕ್ಕೆ ಇಳಿಸಲು ಅದನ್ನು ಬಳಸುವವರಿದ್ದಾರೆ. ದಿನಕ್ಕೆ ನಾಲ್ಕಾರು ಸ್ಕ್ರಿಪ್ಟ್ ಓದುವವರ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ. ಮಿಗಿಲಾಗಿ, ಬಿಗಿ ಮಾಡಿದ ಮಾತ್ರಕ್ಕೆ ಮೂರು ನಿಮಿಷದ ಮಾತು ಕಡಿಮೆಯಾಗುವುದಿಲ್ಲ, ಎಡಿಟಿಂಗ್ ಟೇಬಲ್ ಮೇಲೆ ಅದು ಮತ್ತೆ ಎದುರಾಗುತ್ತದೆ. ಉದ್ದ ಸರಿಯಿದೆಯೇ ಎಂದು ತಿಳಿಯಲು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡುವುದೇ ನಂಬಿಕಸ್ತ ದಾರಿ. ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಓದಿಸುವ ಸೌಲಭ್ಯ ಸಾಫ್ಟ್‌ವೇರ್‌ನಲ್ಲೇ ಇದೆ. ಬಿಟ್ಟುಹೋದ ಪದ, ಎರಡು ಸಲ ಬಂದ ಪದ ಹಿಡಿಯಲು ಅದು ಒಳ್ಳೆಯದು, ಸಮಯ ಅಳೆಯಲು ಅಷ್ಟು ಸಾಲದು. ಮನುಷ್ಯರು ನಿಲ್ಲಿಸುವ ಕಡೆ ಯಂತ್ರ ನಿಲ್ಲಿಸುವುದಿಲ್ಲ.

ಬೀಟ್ ಬೋರ್ಡ್

ಬರಹ ನಿಂತುಹೋಯಿತು, ಮನಸ್ಸೇ ಬರುತ್ತಿಲ್ಲ ಎಂದು ಹೇಳುವವರ ಸ್ಕ್ರಿಪ್ಟ್ ತೆರೆದು ನೋಡಿದರೆ ಬಹಳ ಸಲ ಕಾಣುವುದು ಒಂದೇ: ಔಟ್‌ಲೈನ್ ಇಲ್ಲದೆ ಬರೆಯಲು ಕೂತಿದ್ದಾರೆ, ಎರಡನೇ ಅಂಕದ ನಡುವೆ ಕಥೆ ಖಾಲಿಯಾಗಿದೆ. ಆಲಸ್ಯ ಎಂದುಕೊಂಡದ್ದು ನಿಜವಾಗಿ ಕಥೆಯ ಕೊರತೆ. ಈ ಕೊರತೆಯನ್ನು ಬರೆಯುವ ಮೊದಲೇ ತೋರಿಸಿಕೊಡುವುದರಲ್ಲಿ, ದೃಶ್ಯಗಳನ್ನು ಕಾರ್ಡುಗಳಾಗಿ ಹರಡಿ ನೋಡುವ ಬೀಟ್ ಬೋರ್ಡ್ ಮತ್ತು ಅದರ ಜೊತೆಗಿನ ಔಟ್‌ಲೈನ್ ಎಡಿಟರ್ ನಮಗೆ ಈ ಸಾಫ್ಟ್‌ವೇರ್‌ನ ಅತ್ಯಂತ ಬೆಲೆಬಾಳುವ ಭಾಗವಾಗಿ ಕಾಣುತ್ತದೆ.

ಬಳಸುವ ಕ್ರಮ ಹೀಗಿರಲಿ. ಮುಖ್ಯ ಕಥೆಗೆ ಒಂದು ಬಣ್ಣ, ಎರಡನೇ ಕಥೆಗೆ ಇನ್ನೊಂದು, ಪುಟ್ಟ ಮೂರನೇ ಎಳೆಗೆ ಮತ್ತೊಂದು. ಪ್ರತಿ ಕಾರ್ಡಿನಲ್ಲಿ ಎರಡೇ ಸಾಲು: ಯಾರಿಗೆ ಏನು ಬೇಕು, ದೃಶ್ಯದ ಕೊನೆಗೆ ಏನು ಬದಲಾಯಿತು. ಎರಡನೇ ಸಾಲು ಬರೆಯಲು ಆಗದಿದ್ದರೆ ಆ ದೃಶ್ಯ ಇನ್ನೂ ಹುಟ್ಟಿಲ್ಲ ಎಂದೇ ಅರ್ಥ. ಬೋರ್ಡಿನ ಮೇಲೆ ಕಾರ್ಡುಗಳನ್ನು ಹೇಗೆ ಬೇಕಾದರೂ ಹರಡಿ, ಒಂದು ಕ್ರಮ ಬಂದ ಮೇಲೆ ಮೇಲಿನ ಔಟ್‌ಲೈನ್ ಪಟ್ಟಿಗೆ ಎಳೆದು ಹಾಕಿ, ಅಂಕಗಳ ಗಡಿ ಗುರುತಿಸಿ. ಈಗ ಸ್ವಲ್ಪ ದೂರ ಕೂತು ಬಣ್ಣಗಳನ್ನಷ್ಟೇ ನೋಡಿ. ಮೂರನೇ ಅಂಕದಲ್ಲಿ ಎರಡನೇ ಕಥೆಯ ಬಣ್ಣವೇ ಇಲ್ಲವೇ? ಹಾಗಾದರೆ ನಾಲ್ಕನೇ ಅಂಕದಲ್ಲಿ ಅದು ತಿರುಗಿ ಬಂದಾಗ ನೋಡುಗರು ಅದನ್ನು ಮರೆತಿರುತ್ತಾರೆ. ಒಂದೇ ಬಣ್ಣದ ಐದು ಕಾರ್ಡು ಸಾಲಾಗಿ ನಿಂತಿವೆಯೇ? ಆ ಜಾಗದಲ್ಲಿ ಎಪಿಸೋಡ್ ಜಗ್ಗುತ್ತದೆ. ಅಂಕದ ಕೊನೆಯ ಕಾರ್ಡಿನಲ್ಲಿ ಹೊಸ ಪ್ರಶ್ನೆ ಏಳದಿದ್ದರೆ ಜಾಹೀರಾತಿನ ಹೊತ್ತಿಗೆ ನೋಡುಗರು ಬೇರೆ ಚಾನೆಲ್‌ಗೆ ಹೋಗುತ್ತಾರೆ. ಕಾರ್ಡನ್ನು ಅಲ್ಲಿಂದಲೇ ಸ್ಕ್ರಿಪ್ಟ್‌ಗೆ ಕಳಿಸಬಹುದು. ಖಾಲಿ ಪುಟದ ಬದಲು, ಬರೆಯಬೇಕಾದ ದೃಶ್ಯದ ಎರಡು ಸಾಲು ಅಲ್ಲಿ ಕಾದಿರುತ್ತದೆ. ಬೆಳಿಗ್ಗೆ ಕೂತ ತಕ್ಷಣ ಕೈ ಓಡಲು ಇದಕ್ಕಿಂತ ದೊಡ್ಡ ಸಹಾಯ ಬೇರೆ ಕಾಣೆವು.

ಕೊರತೆ ಒಂದಿದೆ. ಬೋರ್ಡ್ ಆಯಾ ಫೈಲಿನೊಳಗೇ ಇರುತ್ತದೆ. ಒಂದು ಎಪಿಸೋಡ್‌ಗೆ ಅದು ಸಾಕು. 13 ಎಪಿಸೋಡ್‌ಗಳ ಸರಣಿಯ ಪಾತ್ರಗಳ ಪಯಣವನ್ನೋ, ವರ್ಷಗಟ್ಟಲೆ ಓಡುವ ದೈನಂದಿನ ಧಾರಾವಾಹಿಯ ಎಳೆಗಳನ್ನೋ ನೋಡಲು ಬೇರೊಂದು ಫೈಲನ್ನೇ ಸರಣಿಯ ಬೋರ್ಡಾಗಿ ಇಟ್ಟುಕೊಳ್ಳಬೇಕು, ಇಲ್ಲವೇ ಸ್ಪ್ರೆಡ್‌ಶೀಟ್ ಮಾಡಬೇಕು. ದೊಡ್ಡ ಬರಹಗಾರರ ತಂಡಗಳು ಈಗಲೂ ಗೋಡೆಯ ಬಿಳಿ ಹಲಗೆ ಬಿಟ್ಟಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ದಿನದ ಗುರಿ

ದಿನಕ್ಕೆ ಇಷ್ಟು ಬರೆಯುತ್ತೇನೆ ಎಂದು ಗುರಿ ಇಟ್ಟರೆ ಎಷ್ಟಾಯಿತು ಎಂದು ತೋರಿಸುತ್ತದೆ, ಹಿಂದಿನ ದಿನಗಳ ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಮೊದಲ ಡ್ರಾಫ್ಟ್‌ಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ, ಗುರಿಯನ್ನು ಗಡುವಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಇಟ್ಟರೆ. ಒಂದು ಗಂಟೆಯ ಎಪಿಸೋಡ್‌ಗೆ ಎರಡು ವಾರ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. 60 ಪುಟ, ದಿನಕ್ಕೆ 5 ಪುಟದಂತೆ 12 ದಿನ. ಉಳಿದ ಎರಡು ದಿನ ಓದಿ ತಿದ್ದಲು. ದೃಶ್ಯ ಸರಾಸರಿ ಎರಡು ಪುಟ ಎಂದರೂ ದಿನಕ್ಕೆ ಎರಡೋ ಮೂರೋ ದೃಶ್ಯ. ಇಷ್ಟು ಗೊತ್ತಾದ ಮೇಲೆ ಭಯ ಅರ್ಧ ಇಳಿಯುತ್ತದೆ. ದಿನಕ್ಕೆ 10 ಪುಟ ಎಂದು ಗುರಿ ಇಟ್ಟು ಮೂರನೇ ದಿನವೇ ಸೋತರೆ, ಪರದೆಯ ಮೇಲಿನ ಅದೇ ಅಂಕಿ ಮನಸ್ಸು ಮುರಿಯುತ್ತದೆ.

ತಿದ್ದುವ ಹಂತಕ್ಕೆ ಬಂದಾಗ ಈ ಗುರಿಯನ್ನು ಬದಿಗಿಡಿ ಎನ್ನುವುದು ನಮ್ಮ ಖಚಿತ ಸಲಹೆ. ಒಂದು ಒಳ್ಳೆಯ ದಿನದ ತಿದ್ದುವಿಕೆಯಲ್ಲಿ ನಾಲ್ಕು ಪುಟ ಕಡಿಮೆಯಾಗಬಹುದು. ಬರೆದ ಪದಗಳನ್ನು ಎಣಿಸುವ ಮೀಟರಿಗೆ ಅದು ಕೆಲಸವೇ ಅಲ್ಲ. ಟಿವಿ ಬರಹಗಾರರ ವರ್ಷದ ಬಹುಪಾಲು ತಿದ್ದುವುದರಲ್ಲೇ ಹೋಗುವುದರಿಂದ, ಆ ಮೀಟರನ್ನು ನಂಬಿಕೂತರೆ ಬಹುಪಾಲು ದಿನ ಏನೂ ಮಾಡಲಿಲ್ಲ ಎಂಬ ಕೊರಗೇ ಉಳಿಯುತ್ತದೆ. ಆ ಹಂತದಲ್ಲಿ ಎಣಿಸಬೇಕಾದದ್ದು ತೀರಿಸಿದ ನೋಟ್‌ಗಳನ್ನು, ಅಂದರೆ ತಿದ್ದಲು ಬಂದ ಸಲಹೆಗಳನ್ನು.

ಅದಕ್ಕೆ ಸ್ಕ್ರಿಪ್ಟ್‌ನೋಟ್ ಇದೆ. ಯಾವ ಸಾಲಿಗೆ ಸಂಬಂಧಿಸಿದ ಟಿಪ್ಪಣಿಯೋ ಆ ಸಾಲಿಗೇ ಅದನ್ನು ಅಂಟಿಸಿಡಬಹುದು. ನಿರ್ಮಾಪಕರಿಂದಲೋ ಚಾನೆಲ್‌ನಿಂದಲೋ ಬಂದ ಎರಡು ಪುಟದ ಅಭಿಪ್ರಾಯವನ್ನು ಓದಿದಾಗ ಎದೆ ಧಸಕ್ಕೆನ್ನುವುದು ಸಹಜ. ಅದನ್ನು ಹಾಗೇ ಇಟ್ಟುಕೊಂಡು ಕೊರಗುವುದಕ್ಕಿಂತ ಒಡೆದು, ನಾಲ್ಕು ಬಗೆಯಾಗಿ ಬೇರೆ ಮಾಡಿ: ಕಥೆಯ ರಚನೆ, ಪಾತ್ರ, ಸಾಲು, ಶೂಟಿಂಗ್ ತೊಡಕು. ರಚನೆಯದನ್ನು ಮೊದಲು ತೀರಿಸಿ. ಸಾಲುಗಳನ್ನು ಮೊದಲು ಹೊಳಪು ಮಾಡಿ ಆಮೇಲೆ ರಚನೆಗೆ ಕೈ ಹಾಕಿದರೆ, ಹೊಳಪು ಮಾಡಿದ ದೃಶ್ಯವೇ ಕಿತ್ತುಹೋಗುತ್ತದೆ, ಎರಡು ದಿನದ ಶ್ರಮ ನೀರುಪಾಲು. ಒಂದೇ ಜಾಗಕ್ಕೆ ಮೂವರು ಮೂರು ಬೇರೆ ಪರಿಹಾರ ಹೇಳಿದ್ದರೆ, ಆ ಜಾಗದಲ್ಲಿ ತೊಂದರೆ ಇರುವುದು ಖಂಡಿತ, ಪರಿಹಾರ ಮಾತ್ರ ಮೂವರದ್ದೂ ಆಗಿರಬೇಕಿಲ್ಲ. ಎಷ್ಟೋ ಸಲ ನಿಜವಾದ ತಪ್ಪು ಅದಕ್ಕಿಂತ ಹತ್ತು ಪುಟ ಹಿಂದೆ, ಆ ದೃಶ್ಯಕ್ಕೆ ಬೇಕಾದ ಮಾಹಿತಿ ಕೊಡದೇ ಬಿಟ್ಟ ಕಡೆ ಇರುತ್ತದೆ.

ಸಂಭಾಷಣೆಯ ಬಗ್ಗೆ ಒಮ್ಮತ ಬಾರದಿದ್ದರೆ ಬದಲಿ ಸಂಭಾಷಣೆಯ ಸೌಲಭ್ಯ ಬಳಸಿ. 2016ರ 10ನೇ ಆವೃತ್ತಿಯಿಂದ ಇರುವ ಇದರಲ್ಲಿ ಒಂದೇ ಮಾತಿನ ಹಲವು ರೂಪಗಳನ್ನು ಒಂದೇ ಜಾಗದಲ್ಲಿ ಇಟ್ಟುಕೊಂಡು ಬೇಕಾದದ್ದನ್ನು ಮುಂದೆ ತರಬಹುದು. ಹಾಸ್ಯ ಬರೆಯುವವರಿಗೆ ಇದು ವರ. ಇಷ್ಟಪಟ್ಟು ಬರೆದ ಸಾಲನ್ನು ಅಳಿಸದೆ ಉಳಿಸಿಕೊಂಡೇ ಬೇರೆಯದನ್ನು ಒಪ್ಪಿಕೊಳ್ಳಬಹುದು ಎನ್ನುವುದು ಮನಸ್ಸಿಗೂ ಸಮಾಧಾನ. 2021ರ 12ನೇ ಆವೃತ್ತಿಯಲ್ಲಿ ಬಂದ ಬದಲಾವಣೆ ಗುರುತಿಸುವ ಸೌಲಭ್ಯ ಇಬ್ಬರು ಸೇರಿ ತಿದ್ದುವಾಗ ಉಪಯೋಗಕ್ಕೆ ಬರುತ್ತದೆ.

ಪುಟ ಬೀಗ, ಬಣ್ಣದ ಹಾಳೆ

ಸ್ಕ್ರಿಪ್ಟ್ ಒಪ್ಪಿಗೆಯಾಗಿ ಶೂಟಿಂಗ್‌ಗೆ ಹೊರಟ ಮೇಲೆ ಅದು ಬರಹಗಾರರೊಬ್ಬರ ಕೈಯಲ್ಲಿ ಉಳಿಯುವುದಿಲ್ಲ. ಕ್ಯಾಮೆರಾ, ಕಲೆ, ವಸ್ತ್ರ, ಕಲಾವಿದರು, ಎಲ್ಲರ ಕೈಯಲ್ಲೂ ಪ್ರತಿ ಇರುತ್ತದೆ, ಎಲ್ಲರೂ ಅದರ ಮೇಲೆ ತಮ್ಮ ಗುರುತು ಹಾಕಿಕೊಂಡಿರುತ್ತಾರೆ. ಆಮೇಲೆ ಒಂದು ದೃಶ್ಯ ಬದಲಾದರೆ ಇಡೀ ಪ್ರತಿಯನ್ನು ಮತ್ತೆ ಹಂಚಲಾಗದು, ಬದಲಾದ ಪುಟಗಳನ್ನಷ್ಟೇ ಕೊಡಬೇಕು. ಫೈನಲ್ ಡ್ರಾಫ್ಟ್ ಇಷ್ಟು ವರ್ಷ ಗಟ್ಟಿಯಾಗಿ ನಿಂತಿರುವುದು ಇಲ್ಲಿ.

ಮೊದಲು ದೃಶ್ಯಗಳಿಗೆ ಸಂಖ್ಯೆ ಕೊಟ್ಟು ಪುಟಗಳಿಗೆ ಬೀಗ ಹಾಕಬೇಕು. ಬೀಗ ಹಾಕಿದ ಮೇಲೆ 12ನೇ ಪುಟದಲ್ಲಿ ಅರ್ಧ ಪುಟ ಸೇರಿಸಿದರೆ ಅದು 13ನ್ನು ತಳ್ಳದೆ 12ಎ ಎಂಬ ಹೊಸ ಪುಟವಾಗುತ್ತದೆ. ನಂತರ ಹೊಸ ಪರಿಷ್ಕರಣೆಗೆ ಬಣ್ಣ ಆರಿಸಿ (ಪ್ರತಿ ಸುತ್ತಿನ ಬದಲಾದ ಪುಟಗಳಿಗೆ ಬೇರೆ ಬಣ್ಣದ ಹಾಳೆ), ಪುಟದ ತಲೆಯಲ್ಲಿ ಬಣ್ಣದ ಹೆಸರು ಮತ್ತು ದಿನಾಂಕ ಬರುವಂತೆ ಮಾಡಿ, ಪರಿಷ್ಕರಣೆ ಮೋಡ್ ಚಾಲೂ ಮಾಡಿ, ಆಮೇಲೆ ಬರೆಯಬೇಕು. ಬದಲಾದ ಪ್ರತಿ ಸಾಲಿನ ಬಲ ಅಂಚಿನಲ್ಲಿ * ಬೀಳುತ್ತದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಬಣ್ಣಗಳ ಸರದಿ ಬಿಳಿ, ನೀಲಿ, ಗುಲಾಬಿ, ಹಳದಿ, ಹಸಿರು, ಗೋಲ್ಡನ್‌ರಾಡ್ (ಗಾಢ ಹಳದಿ) ಎಂದು ಸಾಗುತ್ತದೆ. ನಿರ್ಮಾಣ ಸಂಸ್ಥೆಗಳಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ, ಕೇಳಿಕೊಳ್ಳುವುದೇ ಒಳ್ಳೆಯದು. ಹಾಗೆಯೇ 23 ಮತ್ತು 24ರ ನಡುವೆ ಹೊಸ ದೃಶ್ಯ ಬಂದರೆ ಅದನ್ನು 23ಎ ಎನ್ನುತ್ತಾರೋ ಎ24 ಎನ್ನುತ್ತಾರೋ ಎಂಬುದನ್ನೂ ಮೊದಲೇ ಕೇಳಿ. ಎರಡೂ ರೂಢಿಯಲ್ಲಿವೆ, ಒಂದೇ ಸ್ಕ್ರಿಪ್ಟ್‌ನಲ್ಲಿ ಎರಡೂ ಬೆರೆತರೆ ಸೆಟ್ಟಿನಲ್ಲಿ ಗೊಂದಲ ತಪ್ಪದು.

ತಪ್ಪುಗಳು ಸಾಮಾನ್ಯವಾಗಿ ಮೂರು ಕಡೆ ಆಗುತ್ತವೆ. ಮೋಡ್ ಚಾಲೂ ಮಾಡುವುದನ್ನು ಮರೆತು ತಿದ್ದುವುದು ಮೊದಲನೆಯದು. ಗುರುತಿಲ್ಲದ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕಲಾವಿದರು ಹಳೆಯ ಮಾತನ್ನೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಹೀಗಾದರೆ ಹಿಂದಿನ ಪ್ರತಿಯನ್ನೂ ಈಗಿನದನ್ನೂ ಹೋಲಿಸುವ ಉಪಕರಣ ಸಾಫ್ಟ್‌ವೇರ್‌ನಲ್ಲೇ ಇದೆ, ಅದರಿಂದ ವ್ಯತ್ಯಾಸ ಪತ್ತೆಮಾಡಿ ಗುರುತು ಹಾಕಬಹುದು. ಬೇಡವಾದ ದೃಶ್ಯವನ್ನು ಪೂರ್ತಿ ಅಳಿಸುವುದು ಎರಡನೆಯದು. ಅಳಿಸಬೇಡಿ, ಕೈಬಿಡುವ ಆಜ್ಞೆ ಬಳಸಿ. ಆಗ ಸಂಖ್ಯೆ ಉಳಿದು, ದೃಶ್ಯ ಕೈಬಿಡಲಾಗಿದೆ ಎಂದು ಅಲ್ಲಿ ಬರುತ್ತದೆ, ಮನಸ್ಸು ಬದಲಾದರೆ ದೃಶ್ಯವನ್ನು ವಾಪಸು ತರಲೂಬಹುದು. ಮೂರನೆಯದು ಅತಿ ಕೆಟ್ಟದ್ದು: 12ಎ, 12ಬಿ ನೋಡಲು ಚೆನ್ನಾಗಿಲ್ಲ ಎಂದು ನಡುವೆ ಬೀಗ ತೆಗೆಯುವುದು. ಆ ಕ್ಷಣದಿಂದ ಹೊರಗಿರುವ ಎಲ್ಲರ ಪುಟ ಸಂಖ್ಯೆಯೂ ಸುಳ್ಳಾಗುತ್ತದೆ.

ವೃತ್ತಿಗೆ ಕಾಲಿಡುವವರು ಈ ಭಾಗವನ್ನು ಬೇಸರದ ಗುಮಾಸ್ತ ಕೆಲಸ ಎಂದು ದಾಟಿ ಹೋಗುತ್ತಾರೆ. ಹಾಗೆ ಮಾಡಬೇಡಿ. ಅಮೆರಿಕದ ಟಿವಿಯಲ್ಲಿ ಸ್ಕ್ರಿಪ್ಟ್ ಕೋಆರ್ಡಿನೇಟರ್ ಎಂಬ ಹುದ್ದೆಯೇ ಇದೆ, ಡ್ರಾಫ್ಟ್‌ಗಳ ಹೊಣೆ ಹೊತ್ತು, ಬದಲಾವಣೆ ಸೇರಿಸಿ, ಸಂಖ್ಯೆ ಕಾದು, ಸರಿಯಾದ ಪುಟ ಸರಿಯಾದವರಿಗೆ ತಲುಪಿಸುವುದು ಅವರ ಕೆಲಸ. ಅಲ್ಲಿಂದಲೂ ಬರಹಗಾರರ ಸಹಾಯಕ ಹುದ್ದೆಯಿಂದಲೂ ಮೇಲೇರಿ ಸ್ಟಾಫ್ ರೈಟರ್, ಸ್ಟೋರಿ ಎಡಿಟರ್, ನಿರ್ಮಾಪಕ ದರ್ಜೆಯ ಬರಹಗಾರರಾದವರು ಬೇಕಾದಷ್ಟಿದ್ದಾರೆ. ಕಥೆ ಒಬ್ಬರು, ಚಿತ್ರಕಥೆ ಒಬ್ಬರು, ಸಂಭಾಷಣೆ ಮತ್ತೊಬ್ಬರು ಬರೆಯುವ ದೈನಂದಿನ ಧಾರಾವಾಹಿಯಲ್ಲೂ ಯಾವ ಪ್ರತಿ ಇತ್ತೀಚಿನದು ಎಂದು ತಟ್ಟನೆ ಹೇಳಬಲ್ಲ ಕಿರಿಯರನ್ನು ಯಾರೂ ಬಿಟ್ಟುಕೊಡುವುದಿಲ್ಲ. ಬರವಣಿಗೆಯ ಪ್ರತಿಭೆಯನ್ನು ತೋರಿಸಲು ಅವಕಾಶಕ್ಕೆ ಕಾಯಬೇಕಾಗುತ್ತದೆ, ಈ ಕೌಶಲವನ್ನು ಮನೆಯಲ್ಲಿ ಕೂತು ಒಂದು ವಾರದಲ್ಲಿ ಕಲಿಯಬಹುದು.

ಕನ್ನಡದಲ್ಲಿ ಬರೆಯುವವರಿಗೆ

11ನೇ ಆವೃತ್ತಿಯಿಂದ ಯೂನಿಕೋಡ್ ಬೆಂಬಲವಿರುವುದರಿಂದ ಕನ್ನಡದಲ್ಲಿ ಟೈಪ್ ಮಾಡಬಹುದು. ಆದರೆ ಸಾಫ್ಟ್‌ವೇರ್‌ನ ಊಹೆಗಳೆಲ್ಲ ಇಂಗ್ಲಿಷಿನವು. ಕೊರಿಯರ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ, ಆ ಜಾಗಕ್ಕೆ ಬೇರೆ ಫಾಂಟ್ ಬಂದು ಕೂರುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾಗಿ ಸಾಲಿನ ಎತ್ತರ ಬದಲಾಗುತ್ತದೆ, ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಹಳ್ಳ ಹಿಡಿಯುತ್ತದೆ. ಆರಂಭದಲ್ಲೇ ಒಂದು ಕನ್ನಡ ಫಾಂಟನ್ನು ಎಲ್ಲ ಅಂಶಗಳಿಗೂ ನಿಗದಿ ಮಾಡಿ ಟೆಂಪ್ಲೇಟ್ ಆಗಿ ಉಳಿಸಿಕೊಳ್ಳಿ, ಹತ್ತು ಪುಟ ಗಟ್ಟಿಯಾಗಿ ಓದಿ ನಿಮ್ಮದೇ ಪುಟ-ನಿಮಿಷದ ಅನುಪಾತ ಕಂಡುಕೊಳ್ಳಿ. ಪದಗಳ ಎಣಿಕೆಯ ಗುರಿಯೂ ಇಂಗ್ಲಿಷಿನ ಅಂಕಿಗೆ ಹೊಂದುವುದಿಲ್ಲ, ನಾಲ್ಕು ಇಂಗ್ಲಿಷ್ ಪದಗಳ ಕೆಲಸವನ್ನು ಕನ್ನಡದ ಒಂದೇ ಪದ ಮಾಡುವುದುಂಟು. ದೃಶ್ಯಗಳನ್ನೇ ಎಣಿಸಿ.

ಕಣ್ಣಿಗೆ ಕಾಣದ ಒಂದು ತೊಡಕು ಹೆಸರುಗಳದು. ರಮೇಶ್, ಕಿರಣ್ ಮುಂತಾಗಿ ವ್ಯಂಜನದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳು ಅಗೋಚರವಾದ ಒಂದು ಸಂಕೇತವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಅವು ಬೇರೆ ಬೇರೆ ಹೆಸರು. ಲ್ಯಾಪ್‌ಟಾಪಿನಲ್ಲಿ ಅರ್ಧ, ಮೊಬೈಲಿನಲ್ಲಿ ಅರ್ಧ ಬರೆದ ಸ್ಕ್ರಿಪ್ಟ್‌ನಲ್ಲಿ ಒಬ್ಬನೇ ರಮೇಶ್ ವರದಿಯಲ್ಲಿ ಇಬ್ಬರಾಗಿ ಬರುವುದಕ್ಕೆ ಇದೇ ಕಾರಣ. ಪಾತ್ರದ ಹೆಸರನ್ನು ಒಂದು ಸಲ ಬರೆದು, ಉಳಿದ ಕಡೆಯೆಲ್ಲ ಸ್ಮಾರ್ಟ್‌ಟೈಪ್ ಪಟ್ಟಿಯಿಂದಲೇ ಆರಿಸಿಕೊಂಡರೆ ಇದು ತಪ್ಪುತ್ತದೆ. ಇನ್ನು ಪಿಡಿಎಫ್‌ನಿಂದ ಕನ್ನಡ ಪಠ್ಯವನ್ನು ನಕಲು ಮಾಡಿದರೆ ಅಕ್ಷರಗಳು ಕಲಸಿಹೋಗುವುದು ಸಾಮಾನ್ಯ. ತಿದ್ದಬೇಕಾದವರಿಗೆ ಮೂಲ ಫೈಲನ್ನೇ ಕಳಿಸಿ.

ಫೈಲು, ಪರವಾನಗಿ, ಬದಲಿ ಆಯ್ಕೆಗಳು

2009ರ 8ನೇ ಆವೃತ್ತಿಯಿಂದ ಬಂದ, ಫೈನಲ್ ಡ್ರಾಫ್ಟ್‌ನದೇ ಆದ ಎಫ್‌ಡಿಎಕ್ಸ್ ಫೈಲು ಒಳಗೆ ಎಕ್ಸ್‌ಎಂಎಲ್ ಪಠ್ಯವೇ, ಅಂದರೆ ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಸಾದಾ ಪಠ್ಯ. ಫೇಡ್ ಇನ್‌ನಂಥ ಪ್ರತಿಸ್ಪರ್ಧಿಗಳೂ ಅದನ್ನು ತೆರೆಯುತ್ತವೆ, ಮುಂದೊಂದು ದಿನ ಈ ಸಾಫ್ಟ್‌ವೇರ್ ಬಿಟ್ಟರೂ ಬರೆದದ್ದು ನಿಮ್ಮ ಕೈಯಲ್ಲೇ ಉಳಿಯುತ್ತದೆ. ತಾನೇ ದಿನಾಂಕ ಹಾಕಿ ಬ್ಯಾಕಪ್ ಇಟ್ಟುಕೊಳ್ಳುತ್ತದಾದರೂ ಅದು ಅದೇ ಕಂಪ್ಯೂಟರಿನಲ್ಲಿ ಇರುತ್ತದೆ, ಡಿಸ್ಕ್ ಕೆಟ್ಟರೆ ಎರಡೂ ಹೋದವು. ಬ್ಯಾಕಪ್ ಫೋಲ್ಡರನ್ನು ಬೇರೆ ಕಡೆಗೂ ನಕಲಾಗುವಂತೆ ಮಾಡಿ. ಫೈಲಿನ ಹೆಸರಿನಲ್ಲಿ ಸರಣಿಯ ಹೆಸರು, ಎಪಿಸೋಡ್ ಸಂಖ್ಯೆ (ಮೊದಲ ಸೀಸನ್ನಿನ ಮೊದಲನೆಯದು 101), ಡ್ರಾಫ್ಟ್, ದಿನಾಂಕ ನಾಲ್ಕೂ ಇರಲಿ. ‘ಫೈನಲ್’, ‘ಹೊಸ ಫೈನಲ್’ ಎಂದು ಹೆಸರಿಟ್ಟ ಫೋಲ್ಡರಿನಿಂದ ತಪ್ಪು ಪ್ರತಿ ಸೆಟ್ಟಿಗೆ ಹೋಗುವುದು ಬಹಳ ಸುಲಭ.

ಅವಕಾಶ ಕೇಳಿ ಕಳಿಸುವ ಮಾದರಿ ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ವಿರುದ್ಧ. ಮುಖಪುಟದಲ್ಲಿ ಶೀರ್ಷಿಕೆ, ಹೆಸರು, ಸಂಪರ್ಕ ಸಾಕು. ಡ್ರಾಫ್ಟ್ ಸಂಖ್ಯೆಯೂ ದಿನಾಂಕವೂ ಬೇಡ, ಹಳೆಯ ದಿನಾಂಕ ನೋಡಿದ ಓದುಗರಿಗೆ ಇದು ಎಲ್ಲೆಲ್ಲೋ ತಿರುಗಿ ಬಂದ ಸರಕು ಎನಿಸುತ್ತದೆ. ದೃಶ್ಯ ಸಂಖ್ಯೆಯೂ ಬೇಡ, ಅದು ಶೂಟಿಂಗ್ ಪ್ರತಿಗೆ ಮಾತ್ರ. ಅರ್ಧಂಬರ್ಧ ಹತ್ತು ಸ್ಕ್ರಿಪ್ಟ್‌ಗಿಂತ ಮುಗಿದು ಎರಡು ಮೂರು ಸಲ ತಿದ್ದಿದ ಎರಡು ಸ್ವಂತ ಪೈಲಟ್ (ಸರಣಿಯ ಮೊದಲ ಎಪಿಸೋಡಿನ ಸ್ಕ್ರಿಪ್ಟ್) ಕೈಯಲ್ಲಿರುವುದು ಮುಖ್ಯ. ಒಂದು ಇಷ್ಟವಾದರೆ ಅವರು ಕೇಳುವ ಮುಂದಿನ ಮಾತು, ಇನ್ನೇನಿದೆ ಎಂದು.

ಪರವಾನಗಿಯ ವಿಷಯದಲ್ಲಿ ಸಾಫ್ಟ್‌ವೇರ್ ದುಬಾರಿ ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಒಂದು ಸಲ ಕೊಂಡರೆ ಎರಡು ಕಂಪ್ಯೂಟರ್‌ಗಳಲ್ಲಿ ಚಾಲೂ ಮಾಡಬಹುದು, ದೊಡ್ಡ ಆವೃತ್ತಿ ಬಂದಾಗ ಮತ್ತೆ ಹಣ ಕೊಡಬೇಕು. ಹಳೆಯ ಕಂಪ್ಯೂಟರ್ ಮಾರುವ ಮೊದಲು ಅಲ್ಲಿನ ಪರವಾನಗಿಯನ್ನು ನಿಷ್ಕ್ರಿಯಗೊಳಿಸುವುದು ಮರೆಯಬೇಡಿ. 12 ಇದ್ದವರಿಗೆ 13 ಅಗತ್ಯವಿಲ್ಲ, ದಿನದ ಗುರಿಗೆ ಒಂದು ನೋಟ್‌ಬುಕ್ಕೂ ಸಾಕು. ಹಲವರು ಒಟ್ಟಿಗೆ ಬರೆಯುವ ಸೌಲಭ್ಯ ಇದೆ, ಎಲ್ಲರ ಬಳಿಯೂ ಸಾಫ್ಟ್‌ವೇರ್ ಇರಬೇಕು. ದಿನವಿಡೀ ಜೋಡಿಯಾಗಿ ಬರೆಯುವವರಿಗೆ ಬ್ರೌಸರಿನಲ್ಲೇ ತೆರೆಯುವ ರೈಟರ್‌ಡ್ಯುಯೆಟ್ ಹೆಚ್ಚು ಸಲೀಸು. ಒಂದೇ ಸಲ ಹಣ ಕೊಟ್ಟು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬರೆಯಬೇಕು, ಪುಟ ಬೀಗ, ಬಣ್ಣದ ಪರಿಷ್ಕರಣೆಯೂ ಬೇಕು ಎಂದರೆ ಫೇಡ್ ಇನ್ ಒಳ್ಳೆಯ ಆಯ್ಕೆ.

ಆರಂಭದವರಿಗೆ ನಾವು ಹೇಳುವುದು 2012ರಿಂದ ಬಳಕೆಯಲ್ಲಿರುವ ಫೌಂಟನ್. ಇದೊಂದು ಬರೆಯುವ ಪದ್ಧತಿ ಅಷ್ಟೇ, ಯಾವ ಸಾದಾ ಪಠ್ಯ ಸಾಧನದಲ್ಲಾದರೂ ಬರೆಯಬಹುದು, ಮೊಬೈಲಿನಲ್ಲೂ. ಮ್ಯಾಕ್ ಇದ್ದವರಿಗೆ ಉಚಿತವಾದ, ಮುಕ್ತ ತಂತ್ರಾಂಶವಾದ ಬೀಟ್ ಇದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದ ಸಾಲನ್ನು ಪಾತ್ರದ ಹೆಸರೆಂದು ಫೌಂಟನ್ ಗುರುತಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಅದಕ್ಕೆ ಹೆಸರಿನ ಮೊದಲು @ ಹಾಕಬೇಕು, ದೃಶ್ಯದ ಶೀರ್ಷಿಕೆಯ ಮೊದಲು ಒಂದು ಚುಕ್ಕೆ ಇಡಬೇಕು. ಈ ಎರಡು ಗುರುತು ಗೊತ್ತಿದ್ದರೆ ಕನ್ನಡ ಸ್ಕ್ರಿಪ್ಟ್ ತೊಡಕಿಲ್ಲದೆ ನಡೆಯುತ್ತದೆ.

ಕೊಳ್ಳುವ ಯೋಚನೆ ಗಟ್ಟಿಯಾಗಿದ್ದರೆ ಮೊದಲು ಪ್ರಾಯೋಗಿಕ ಪ್ರತಿ ಇಳಿಸಿಕೊಳ್ಳಿ. ಹೊಸದಾಗಿ ಬರೆಯಲು ಹೋಗಬೇಡಿ, ಈಗಾಗಲೇ ಮುಗಿಸಿರುವ ಸ್ಕ್ರಿಪ್ಟನ್ನೇ ಒಳಗೆ ತನ್ನಿ. ಅದಕ್ಕೆ ಸಂಖ್ಯೆ ಕೊಟ್ಟು ಬೀಗ ಹಾಕಿ, ನೀಲಿ ಪರಿಷ್ಕರಣೆ ತೆರೆದು, ಒಂದು ದೃಶ್ಯ ಸೇರಿಸಿ, ಒಂದನ್ನು ಕೈಬಿಟ್ಟು, ಆರು ಮಾತು ಬದಲಿಸಿ, ಬದಲಾದ ಪುಟಗಳನ್ನಷ್ಟೇ ಪಿಡಿಎಫ್ ಮಾಡಿ. ಆ ಪುಟಗಳನ್ನು ಸ್ಕ್ರಿಪ್ಟ್ ಓದಿ ರೂಢಿಯಿರುವ ಯಾರಿಗಾದರೂ ಕೊಟ್ಟು, ಏನೇನು ಬದಲಾಗಿದೆ ಹೇಳಿ ಎನ್ನಿ. ಅವರು ನಿಮ್ಮನ್ನು ಏನೂ ಕೇಳದೆ ಎಲ್ಲವನ್ನೂ ಪಟ್ಟಿ ಮಾಡಿದರೆ ಸಾಫ್ಟ್‌ವೇರ್ ನಿಮ್ಮ ಕೈಗೆ ಬಂದಿದೆ. ಇಂಥ ಪುಟಗಳನ್ನು ಕೇಳುವ ಕೆಲಸ ಇನ್ನೂ ನಿಮ್ಮ ಮುಂದೆ ಇಲ್ಲದಿದ್ದರೆ ಫೌಂಟನ್‌ನಲ್ಲೇ ಎರಡನೇ ಪೈಲಟ್ ಮುಗಿಸಿ, ಕೊಳ್ಳುವುದನ್ನು ಆಮೇಲೆ ನೋಡಬಹುದು.